ಚಿಲಕ ಇರುವ ಕೋಣೆಗೆ ಬೋರ್ಡು ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಚಿಕ್ಕ ಕಾಫಿ ಅಂಗಡಿ. ಹಿಂದುಗಡೆ ಅಕ್ಕಪಕ್ಕ ಎರಡು ಬಾಗಿಲು. ಒಂದರ ಮೇಲೆ ‘ಗಂಡಸರು’, ಇನ್ನೊಂದರ ಮೇಲೆ ‘ಹೆಂಗಸರು’. ಒಳಗೆ ಎರಡೂ ಒಂದೇ ಥರ: ಒಂದು ಕಮೋಡು, ಒಂದು ಬೇಸಿನ್, ಬಾಗಿಲಿಗೊಂದು ಚಿಲಕ. ಹೆಂಗಸರ ಬಾಗಿಲ ಮುಂದೆ ನಾಲ್ಕು ಜನ ನಿಂತಿದ್ದಾರೆ. ಅಮ್ಮನ ಕೈ ಹಿಡಿದ ಪುಟ್ಟ ಹುಡುಗಿ ತಡೆಯಲಾರದೆ ಕಾಲು ಬದಲಿಸುತ್ತಿದ್ದಾಳೆ. ಪಕ್ಕದ ಬಾಗಿಲು ಅರ್ಧ ತೆರೆದೇ ಇದೆ, ಒಳಗೆ ಯಾರೂ ಇಲ್ಲ. ಆದರೂ ಯಾರೂ ಅತ್ತ ಹೋಗುವುದಿಲ್ಲ. ಬೋರ್ಡು ಇದೆಯಲ್ಲ!

ಅಮೆರಿಕದಲ್ಲಿ ಕಟ್ಟಡಗಳ ನಕ್ಷೆ ನೋಡುವುದು ನನ್ನ ಕೆಲಸ. ಇಲ್ಲಿ ಅಂಗಡಿ, ಆಫೀಸು ತೆರೆಯುವ ನಮ್ಮ ಕನ್ನಡದವರು ಕೇಳುತ್ತಲೇ ಇರುತ್ತಾರೆ: ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಶೌಚಾಲಯ ಕಟ್ಟಲೇಬೇಕಾ? ಕೆಲವು ಕಡೆ ಹೌದು, ಕೆಲವು ಕಡೆ ಬೇಕಿಲ್ಲ. ಎಲ್ಲಿ ಏನು ಅನ್ನುವುದನ್ನೇ ಇವತ್ತು ಹೇಳುತ್ತೇನೆ.

ಈ ನಿಯಮ ಶುರುವಾದದ್ದು ದುಡಿಯುವ ಹೆಂಗಸರಿಗಾಗಿ. ಅವರು ಕೆಲಸ ಮಾಡುವ ಕಡೆ ಅವರಿಗೇ ಬೇರೆ ಶೌಚಾಲಯ ಇರಬೇಕು ಎಂದು 1887ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕಾನೂನು ಮಾಡಿತು. 1920ರ ಹೊತ್ತಿಗೆ 43 ರಾಜ್ಯಗಳಲ್ಲಿ ಅಂಥ ಕಾನೂನು ಬಂದಿತ್ತು. ಈಗ ಬಹಳಷ್ಟು ರಾಜ್ಯಗಳು ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್ ಎಂಬ ಮಾದರಿ ನಿಯಮಪುಸ್ತಕವನ್ನು ತಮ್ಮ ತಿದ್ದುಪಡಿ ಸೇರಿಸಿ ಬಳಸುತ್ತವೆ. ಹಾಗಾಗಿ ನಾನು ಹೇಳುವ ಅಂಕಿಗಳು ಆ ಮಾದರಿಯವು. ನಿಮ್ಮ ಊರಿನ ಕಟ್ಟಡ ಇಲಾಖೆಯಲ್ಲಿ ಒಮ್ಮೆ ಕೇಳಿಯೇ ಮುಂದುವರಿಯಿರಿ.

ಮಾದರಿ ಕೋಡು ಹೇಳುವುದು ಇಷ್ಟು. ಶೌಚಾಲಯ ಬೇರೆ ಬೇರೆ ಇರಬೇಕು. ಆದರೆ ಕೆಲಸದವರು, ಗಿರಾಕಿಗಳು ಎಲ್ಲ ಸೇರಿ 15 ಅಥವಾ ಅದಕ್ಕಿಂತ ಕಡಿಮೆ ಜನರ ಜಾಗವಾದರೆ ಬೇಕಿಲ್ಲ. ಮಾರಾಟದ ಅಂಗಡಿಗೆ ಈ ಮಿತಿ 100, ಆಫೀಸಿಗೆ 25.

ಎಡವುವುದು ಇಲ್ಲೇ. “ನಮ್ಮಲ್ಲಿರೋದು ಒಂಬತ್ತೇ ಜನ, ಎರಡು ಶೌಚಾಲಯ ಯಾಕೆ?” ಎಂದು ಒಬ್ಬರು ಆಫೀಸಿನ ನಕ್ಷೆ ಹಿಡಿದು ಬಂದಿದ್ದರು. ನಕ್ಷೆಯಲ್ಲಿದ್ದದ್ದು 4,500 ಚದರ ಅಡಿ. ಕೋಡು ತಲೆ ಎಣಿಸುವುದಿಲ್ಲ, ಜಾಗ ಅಳೆಯುತ್ತದೆ. ಆಫೀಸಿನಲ್ಲಿ 150 ಚದರ ಅಡಿಗೆ ಒಬ್ಬರು ಎಂದು ಲೆಕ್ಕ. ಅಂದರೆ ಅವರ ಆಫೀಸು 30 ಜನರದ್ದು. ಮಿತಿ ದಾಟಿಯಾಯಿತು. ಪಾಪ, ಗೋಡೆ ಎದ್ದ ಮೇಲೆ ಗೊತ್ತಾಗಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಅಂಗಡಿಯಲ್ಲಾದರೆ 60 ಚದರ ಅಡಿಗೆ ಒಬ್ಬರು. ಹಾಗಾಗಿ 6,000 ಚದರ ಅಡಿಯವರೆಗೆ ತೊಂದರೆ ಇಲ್ಲ. ಜಾಗ ಬಾಡಿಗೆಗೆ ಹಿಡಿಯುವ ಮೊದಲೇ ಈ ಭಾಗಾಕಾರ ಮಾಡಿಕೊಳ್ಳಿ.

ದೊಡ್ಡ ಜಾಗಗಳ ಮಾತು ಬೇರೆ. ಅಲ್ಲಿ ಎರಡು ಬಾಗಿಲು ಇಟ್ಟರೆ ಸಾಲದು, ಒಳಗೆ ಕಮೋಡು ಎಷ್ಟಿವೆ ಅನ್ನುವುದು ಮುಖ್ಯ. ನಾಟಕದ ಇಂಟರ್ವಲ್ ನೆನಪಿಸಿಕೊಳ್ಳಿ. ಗಂಡಸರು ಹೋಗಿ, ಬಂದು, ಕಾಫಿಯನ್ನೂ ಕುಡಿದಿರುತ್ತಾರೆ. ಹೆಂಗಸರ ಸಾಲು ಮೂಲೆ ತಿರುಗಿ ಮೆಟ್ಟಿಲವರೆಗೆ ಬಂದಿರುತ್ತದೆ. ಗಂಟೆ ಹೊಡೆದಾಗ ಅರ್ಧ ಜನ ಹಾಗೇ ಒಳಗೆ ಹೋಗುತ್ತಾರೆ. ಎರಡೂ ಕಡೆ ಒಂದೇ ಅಳತೆಯ ಕೋಣೆ ಕೊಟ್ಟರೂ ಇದು ತಪ್ಪುವುದಿಲ್ಲ. ಯೂರಿನಲ್‌ಗೆ ಕಡಿಮೆ ಜಾಗ ಸಾಕು, ಹಾಗಾಗಿ ಗಂಡಸರ ಕಡೆ ಒಟ್ಟು ಜಾಸ್ತಿ ಕೂರುತ್ತವೆ. ಹೆಂಗಸರಿಗೆ ಹಿಡಿಯುವ ಹೊತ್ತೂ ಜಾಸ್ತಿ. ಸೀರೆ, ಚೂಡಿದಾರ, ಮುಟ್ಟು, ಜೊತೆಗೆ ಮಗು. ಇದು ಯಾರದೋ ನಿಧಾನ ಅಲ್ಲ, ನಕ್ಷೆ ಬರೆದವರ ತಪ್ಪು. ಕೋಡು ಇದನ್ನು ಒಪ್ಪಿಕೊಂಡಿದೆ. ಥಿಯೇಟರಿನಲ್ಲಿ 125 ಗಂಡಸರಿಗೆ ಒಂದು, 65 ಹೆಂಗಸರಿಗೆ ಒಂದು. 1,000 ಜನರ ಸಭಾಂಗಣದಲ್ಲಿ ಅರ್ಧ ಗಂಡಸರು, ಅರ್ಧ ಹೆಂಗಸರು ಎಂದು ಎಣಿಸಿದರೆ ಗಂಡಸರ ಕಡೆ 4, ಹೆಂಗಸರ ಕಡೆ 8. ನ್ಯೂಯಾರ್ಕ್ ನಗರ 2005ರಲ್ಲೇ ಹೊಸ ಥಿಯೇಟರು, ಬಾರುಗಳಿಗೆ ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಎರಡು ಎಂಬ ಲೆಕ್ಕ ತಂದಿತು. ಇದು ಕನಿಷ್ಠ ಲೆಕ್ಕ, ನೆನಪಿರಲಿ. ಕೈಲಾದರೆ ಇನ್ನೆರಡು ಜಾಸ್ತಿ ಇಡಿ.

ಇನ್ನೊಂದೆರಡು ಸಣ್ಣ ವಿಷಯ. ಶೌಚಾಲಯಕ್ಕೆ ಹೋಗುವ ದಾರಿ ಅಡುಗೆಮನೆಯ ಒಳಗಿಂದ, ಸಾಮಾನಿನ ಕೋಣೆಯ ಒಳಗಿಂದ ಇರಬಾರದು. ಹಲವರು ಒಟ್ಟಿಗೆ ಬಳಸುವ ಶೌಚಾಲಯದ ಹೊರಬಾಗಿಲಿಗೆ ಒಳಗಿಂದ ಬೀಗ ಹಾಕಲು ಬರಬಾರದು. ಒಳಗೆ ಸಿಕ್ಕಿಕೊಂಡವರ ಸ್ಥಿತಿ ಯೋಚಿಸಿದರೆ ಕಾರಣ ತಾನೇ ಹೊಳೆಯುತ್ತದೆ, ಅಲ್ವಾ?

ಈಗ ಕಾಫಿ ಅಂಗಡಿಯ ಆ ಎರಡು ಬಾಗಿಲಿಗೆ ಬರೋಣ. ಒಳಗಿಂದ ಚಿಲಕ ಹಾಕಿಕೊಂಡು ಒಬ್ಬರೇ ಬಳಸುವ ಕೋಣೆಯಾದರೆ ಗಂಡು, ಹೆಣ್ಣು ಎಂದು ಬೇರೆ ಮಾಡಬೇಕಿಲ್ಲ ಎಂದು ಕೆಲಸಗಾರರ ಸುರಕ್ಷತೆಯ ಕೇಂದ್ರ ನಿಯಮವೇ ಹೇಳುತ್ತದೆ. ಪ್ಲಂಬಿಂಗ್ ಕೋಡಿನ 2021ರ ಆವೃತ್ತಿಯೂ ಅದನ್ನೇ ಹೇಳುತ್ತದೆ. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಂಗಡಿ, ಹೋಟೆಲುಗಳಲ್ಲಿ ಒಬ್ಬರೇ ಬಳಸುವ ಇಂಥ ಶೌಚಾಲಯಗಳು ಎಲ್ಲರಿಗೂ ತೆರೆದಿರಬೇಕು, ಬೋರ್ಡಿನಲ್ಲೂ ಹಾಗೇ ಇರಬೇಕು ಎಂದು 2017ರ ಮಾರ್ಚ್ 1ರಿಂದ ಅಲ್ಲಿ ಕಾನೂನಿದೆ.

ಮಗಳನ್ನು ಕರೆದುಕೊಂಡು ಬಂದ ಅಪ್ಪ, ವಯಸ್ಸಾದ ಗಂಡನ ಕೈ ಹಿಡಿದು ಬಂದ ಅಜ್ಜಿ ಯಾವ ಬಾಗಿಲು ತಟ್ಟಬೇಕು? ಚಿಲಕ ಇದ್ದ ಮೇಲೆ ಆ ಬೋರ್ಡು ಸುಮ್ನೆ ಅಡ್ಡ ನಿಂತಿರುತ್ತದೆ. ನಿಮ್ಮ ಅಂಗಡಿಯಲ್ಲೂ ಅಂಥ ಎರಡು ಕೋಣೆ ಇದ್ದರೆ, ನಿಮ್ಮ ಊರಿನ ನಿಯಮ ಕೇಳಿಕೊಂಡು ಎರಡಕ್ಕೂ ‘ಶೌಚಾಲಯ’ ಎಂದಷ್ಟೇ ಬರೆಸಿ. ಗೋಡೆ ಒಡೆಯಬೇಕಿಲ್ಲ, ಪೈಪು ಮುಟ್ಟಬೇಕಿಲ್ಲ. ಆ ಪುಟ್ಟ ಹುಡುಗಿ ಪಕ್ಕದ ಬಾಗಿಲಿಗೆ ಓಡಬಹುದು.

ನಮಸ್ಕಾರ.