ಕಡಿಮೆ ದುಡ್ಡಿಗೆ ಒಳ್ಳೆಯ ಮಾನಿಟರ್: ಮೊದಲು ಪ್ಯಾನೆಲ್ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾನಿಟರ್ ರಿಪೇರಿ ನನ್ನ ಕಸುಬು. ಹಾಗಾಗಿ ಗೊತ್ತಿದ್ದವರು, ಗೊತ್ತಿಲ್ಲದವರು, ಎಲ್ಲರೂ ಕೇಳುವುದು ಒಂದೇ. "ಕೈಯಲ್ಲಿ ದುಡ್ಡು ಕಡಿಮೆ ಇದೆ, ಒಳ್ಳೆಯ ಮಾನಿಟರ್ ಬೇಕು, ಯಾವುದು ತಗೊಳ್ಳಲಿ?" ಕೇಳುವವರು ಒಂದು ಚೀಟಿಯನ್ನೂ ಹಿಡಿದುಕೊಂಡು ಬಂದಿರುತ್ತಾರೆ. ಅದರಲ್ಲಿ ಇಂಚು ಇರುತ್ತದೆ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಅನ್ನುವ ಹರ್ಟ್ಸ್ ಇರುತ್ತದೆ, ಬಣ್ಣ ಬದಲಾಗಲು ಎಷ್ಟು ಹೊತ್ತು ಅನ್ನುವ ಮಿಲಿಸೆಕೆಂಡು ಇರುತ್ತದೆ, ಬಿಳಿಗೂ ಕಪ್ಪಿಗೂ ಎಷ್ಟು ಅಂತರ ಅನ್ನುವ ಕಾಂಟ್ರಾಸ್ಟು ಇರುತ್ತದೆ. ಇರಬೇಕಾದ್ದೇ ಇರೋದಿಲ್ಲ. ಪ್ಯಾನೆಲ್ ಯಾವುದು ಅನ್ನುವುದನ್ನು ಯಾರೂ ಬರೆದುಕೊಂಡು ಬಂದಿರುವುದಿಲ್ಲ.

ಅದಕ್ಕೇ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಡುವೆ ನೀವು ರೇಡಿಯೋ ಆರಿಸಿ ಎದ್ದು ಹೋದರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಮಾನಿಟರ್ ಕೊಳ್ಳುವಾಗ ಮೊದಲು ಪ್ಯಾನೆಲ್ ಕೇಳಿ. ಐಪಿಎಸ್, ಟಿಎನ್ ಅಂತ ಅದರಲ್ಲಿ ಬಗೆಗಳಿವೆ. ಐಪಿಎಸ್ ಅಂದರೆ ಮಾತು ಮುಂದುವರಿಸಿ. ಟಿಎನ್ ಅಂದರೆ ಅಲ್ಲಿಗೇ ನಿಲ್ಲಿಸಿ.

ಪ್ಯಾನೆಲ್ ಅಂದರೆ ಏನು? ನೀವು ನೋಡುವ ಪರದೆಯ ಹಿಂದುಗಡೆ ಒಂದು ಬಿಳಿ ಬೆಳಕು ಇರುತ್ತದೆ. ಮಾನಿಟರ್ ಆನ್ ಇರುವಷ್ಟು ಹೊತ್ತೂ ಅದು ಉರಿಯುತ್ತಲೇ ಇರುತ್ತದೆ. ಅದರ ಮುಂದೆ ಎರಡು ತೆಳು ಗಾಜು. ಗಾಜುಗಳ ನಡುವೆ ಲಿಕ್ವಿಡ್ ಕ್ರಿಸ್ಟಲ್, ಅಂದರೆ ದ್ರವ ಹರಳು. ಕರೆಂಟ್ ಹೆಚ್ಚು ಕಡಿಮೆ ಆದ ಹಾಗೆ ಈ ಹರಳುಗಳು ತಿರುಗುತ್ತವೆ. ತಿರುಗಿದಷ್ಟು ಬೆಳಕು ಹೊರಗೆ ಬರುತ್ತದೆ, ಇಲ್ಲವೇ ಅಲ್ಲೇ ನಿಲ್ಲುತ್ತದೆ. ಕಿಟಕಿಗೆ ಹಾಕುವ ಅಡ್ಡಪಟ್ಟಿಯ ಪರದೆ ನೋಡಿದ್ದೀರಲ್ಲ? ಪಟ್ಟಿಗಳನ್ನು ಓರೆ ಮಾಡಿದಷ್ಟು ಬಿಸಿಲು ಒಳಗೆ ಬರುತ್ತದೆ. ಆದರೆ ನಿಂತು ನೋಡಿದರೆ ಒಂದು ಥರ ಕಾಣುತ್ತದೆ, ಕೂತು ನೋಡಿದರೆ ಇನ್ನೊಂದು ಥರ ಕಾಣುತ್ತದೆ ಅಲ್ವಾ? ಟಿಎನ್ ಪ್ಯಾನೆಲ್‌ನ ತೊಂದರೆಯೂ ಅದೇ. ಅದರಲ್ಲಿ ಹರಳುಗಳು ಗಾಜಿನ ಕಡೆಯಿಂದ ಓರೆಯಾಗಿ ಏಳುತ್ತವೆ. ನಿಮ್ಮ ಕಣ್ಣು ಸ್ವಲ್ಪ ಮೇಲೆ ಕೆಳಗೆ ಆದರೂ ಬಣ್ಣ ಬದಲಾಗುತ್ತದೆ.

ಐಪಿಎಸ್‌ನಲ್ಲಿ ಹಾಗಿಲ್ಲ. ಹರಳುಗಳು ಗಾಜಿಗೆ ಸಮವಾಗಿ ಮಲಗಿಕೊಂಡೇ ತಿರುಗುತ್ತವೆ. ಮೇಲಿನಿಂದ ನೋಡಿ, ಪಕ್ಕದಿಂದ ನೋಡಿ, ಬಣ್ಣ ಹೆಚ್ಚು ಕಡಿಮೆ ಅದೇ ಇರುತ್ತದೆ. 1996ರಲ್ಲಿ ಜಪಾನಿನ ಹಿಟಾಚಿ ಕಂಪನಿ ಈ ಪ್ಯಾನೆಲ್ ತಂದಾಗ ಇದು ದುಬಾರಿ ವಸ್ತು. ತುಂಬಾ ವರ್ಷ ಚಿತ್ರ, ಮುದ್ರಣದ ಕೆಲಸದವರ ಮೇಜಿನ ಮೇಲೆ ಮಾತ್ರ ಕಾಣುತ್ತಿತ್ತು. ಈಗ ಅಗ್ಗದ ಸಾಲಿನಲ್ಲೇ ಐಪಿಎಸ್ ಸಿಗುತ್ತದೆ. ಸಿಗುವಾಗ ಜನ ಯಾಕೆ ಕೇಳಿ ತಗೊಳ್ಳೋದಿಲ್ಲ ಅನ್ನೋದೇ ನನ್ನ ಸಂಕಟ.

ಮೂರನೆಯದು ವಿಎ. ಅದರಲ್ಲಿ ಕಪ್ಪು ತುಂಬಾ ಚೆನ್ನಾಗಿ ಬರುತ್ತದೆ. ದೀಪ ಆರಿಸಿ ಸಿನಿಮಾ ನೋಡುವವರಿಗೆ ಒಳ್ಳೆಯದು. ಕತ್ತಲೆಯ ದೃಶ್ಯ ಬೇಗ ಬೇಗ ಓಡಿದರೆ ಮಾತ್ರ ಹಿಂದೆ ಮಸಿ ಎಳೆದ ಹಾಗೆ ಕಾಣುತ್ತದೆ. ಓದಲು, ಬರೆಯಲು, ಲೆಕ್ಕ ನೋಡಲು, ಮಕ್ಕಳ ಪಾಠಕ್ಕೆ, ಐಪಿಎಸ್ಸೇ ಸರಿ.

ಇದು ಬಣ್ಣದ ಶೋಕಿ ಇರುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಒಬ್ಬ ಅಕೌಂಟೆಂಟ್ ಮೇಡಂ ಅವರ ವಿಷಯ ಹೇಳುತ್ತೇನೆ.

ಅವರು ಮನೆಯಿಂದಲೇ ನಾಲ್ಕಾರು ಕಡೆಯ ಲೆಕ್ಕ ನೋಡುತ್ತಾರೆ. ಬೆಳಗ್ಗೆ ಕೂತರೆ ಸಂಜೆಯವರೆಗೂ ಪರದೆ ಮುಂದೆಯೇ. ಒಂದು ದಿನ ಫೋನ್ ಮಾಡಿ, "ಸರ್, ಮಾನಿಟರ್ ಕೆಟ್ಟಿದೆ, ಕೆಳಗಿನ ಅರ್ಧ ಸರಿಯಾಗಿ ಕಾಣ್ತಿಲ್ಲ" ಅಂದರು. ಹೊಸ ಮಾನಿಟರ್ ಅದು. ಅಣ್ಣನ ಮಗ ಆರಿಸಿ ತಂದುಕೊಟ್ಟಿದ್ದ. ಅವನೂ ಅಲ್ಲೇ ಇದ್ದ. "ಅತ್ತೆ, ಇದು ಗೇಮಿಂಗ್ ಮಾನಿಟರ್, 144 ಹರ್ಟ್ಸ್, ಒಂದು ಮಿಲಿಸೆಕೆಂಡ್, ಇದಕ್ಕಿಂತ ಚೆನ್ನಾಗಿರೋದು ಈ ದುಡ್ಡಿಗೆ ಬರೋದೇ ಇಲ್ಲ" ಅಂತ ನನ್ನ ಮುಂದೆಯೇ ಹೇಳಿದ. ಹುಡುಗ ಹೇಳಿದ ಅಂಕಿಗಳೆಲ್ಲ ನಿಜ. ಅತ್ತೆಯ ಮೇಲಿನ ಪ್ರೀತಿಯೂ ನಿಜ.

ನಾನು ಮಾನಿಟರ್ ಮುಟ್ಟಲಿಲ್ಲ. "ಮೇಡಂ, ನೀವು ದಿನಾ ಹೇಗೆ ಕೂರುತ್ತೀರೋ ಹಾಗೆ ಕೂತು ಕೆಲಸ ಮಾಡಿ, ನಾನು ನೋಡ್ತೀನಿ" ಅಂದೆ. ಅವರು ಲೆಕ್ಕದ ಹಾಳೆ ತೆರೆದರು. ಉದ್ದದ ಹಾಳೆ. ಒಂದು ಸಾಲು ಬಿಳಿ, ಒಂದು ಸಾಲು ತೆಳು ಬೂದು, ಮತ್ತೆ ಬಿಳಿ, ಮತ್ತೆ ಬೂದು. ಕಣ್ಣು ಸಾಲು ತಪ್ಪದಿರಲಿ ಅಂತ ಹಾಗೆ ಬಣ್ಣ ಹಾಕಿರುತ್ತಾರೆ. ಮೇಲಿನ ಸಾಲುಗಳಲ್ಲಿ ಅವರ ಬೆರಳು ಸರಾಗ ಓಡಿತು. ಕೆಳಗೆ ಬರುತ್ತಿದ್ದ ಹಾಗೆ ಕುತ್ತಿಗೆ ಮುಂದೆ ಬಾಗಿತು. ಇನ್ನೂ ಕೆಳಗಿನ ಸಾಲಿಗೆ ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಿದರು. ಅಂಕಿ ಟೈಪ್ ಮಾಡಿ ಮೇಲೆದ್ದರು. ಮತ್ತೆ ಬಗ್ಗಿದರು. ತಾನು ಬಗ್ಗುತ್ತಿದ್ದೇನೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ.

ಅವರ ಜಾಗದಲ್ಲಿ ನಾನು ಕೂತು ನೋಡಿದೆ. ಮಾನಿಟರ್‌ನ ಸ್ಟ್ಯಾಂಡ್ ಗಿಡ್ಡ, ಎತ್ತರಿಸಲು ಬರೋದಿಲ್ಲ. ಕಣ್ಣು ಪರದೆಗಿಂತ ಮೇಲೆ. ಮೇಲಿನಿಂದ ನೋಡಿದರೆ ಟಿಎನ್ ಬಿಳಚಿಕೊಳ್ಳುತ್ತದೆ. ಕೆಳಗಿನ ಅರ್ಧದಲ್ಲಿ ಬೂದು ಸಾಲುಗಳು ಬಿಳಿಯಲ್ಲಿ ಕರಗಿಹೋಗಿದ್ದವು. ಎಲ್ಲ ಸಾಲೂ ಒಂದೇ. ಅವರು ತಲೆ ತಗ್ಗಿಸಿದರೆ ಬೂದು ಬಣ್ಣ ವಾಪಸ್ ಬರುತ್ತಿತ್ತು, ತಲೆ ಎತ್ತಿದರೆ ಹೋಗುತ್ತಿತ್ತು. ಒಂದು ಸಾಲಿನ ಅಂಕಿ ಇನ್ನೊಂದು ಸಾಲಿಗೆ ಬಿದ್ದು, ಲೆಕ್ಕ ತಾಳೆಯಾಗದೆ, ರಾತ್ರಿ ಕೂತು ಹುಡುಕಿದ್ದೂ ಉಂಟಂತೆ. ಇಷ್ಟರಲ್ಲಿ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ಕನ್ನಡಕ ಬದಲಾಯಿಸಿದ್ದರು. ಕುತ್ತಿಗೆ ನೋವಿಗೆ ಮುಲಾಮು ಹಚ್ಚುತ್ತಿದ್ದರು. "ವಯಸ್ಸಾಯ್ತು ಅಂತ ಕಾಣುತ್ತೆ ಸರ್" ಅಂದರು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಪರದೆಯನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿ, ಅಡಿಗೆ ದಪ್ಪ ಪುಸ್ತಕ ಇಟ್ಟೆ. ಕೆಳಗಿನ ಅರ್ಧ ಸುಮಾರಾಗಿ ಸರಿ ಕಂಡಿತು, ಮೇಲಿನ ಅಂಚು ಕಪ್ಪಿಟ್ಟಿತು. ಟಿಎನ್ ಹಣೆಬರಹವೇ ಅಷ್ಟು, ಎಲ್ಲ ಕಡೆಗೂ ಒಟ್ಟಿಗೆ ಸರಿಮಾಡಲು ಆಗೋದಿಲ್ಲ. ಮಾರನೇ ದಿನ ನನ್ನ ಹತ್ತಿರ ಇದ್ದ ಒಂದು ಹಳೆಯ ಐಪಿಎಸ್ ಮಾನಿಟರ್ ಒಯ್ದೆ. ಯಾವುದೋ ಆಫೀಸಿನವರು ಬಳಸಿ ಬಿಟ್ಟದ್ದು. ಬರೀ 60 ಹರ್ಟ್ಸ್. ಮೈಮೇಲೆ ಗೀರುಗಳು ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಅದೇ ಹಾಳೆ ತೆರೆದೆ. ಅವರು ನೆಟ್ಟಗೆ ಕೂತು ನೋಡಿದರು. ತಲೆ ತಗ್ಗಿಸಿ ನೋಡಿದರು. ಎದ್ದು ನಿಂತು ನೋಡಿದರು. "ಇದರಲ್ಲಿ ಸಾಲು ಓಡಿಹೋಗೋದೇ ಇಲ್ಲವಲ್ಲ!" ಅಂದರು. ಆ ಹಳೆಯದನ್ನು ಅವರು ನನಗೆ ವಾಪಸ್ ಕೊಡಲೇ ಇಲ್ಲ. ಹೊಸದು ಅಣ್ಣನ ಮಗನ ಕೋಣೆಗೆ ಹೋಯಿತು. ಅವನ ಆಟಕ್ಕೆ ಅದು ಚೆನ್ನಾಗಿಯೇ ಇದೆ. ಟಿಎನ್ ಬಲು ಚುರುಕು, ಆಟದಲ್ಲಿ ಬೇಕಾಗಿರೋದು ಅದೇ.

ಹಾಗಾಗಿ ಮೊದಲು ಪ್ಯಾನೆಲ್ ಕೇಳಿ. ಕೇಳಿದರೆ ಮಾರುವವರು ಏನು ಹೇಳುತ್ತಾರೆ? "ಎಲ್‌ಇಡಿ ಸರ್" ಅನ್ನುತ್ತಾರೆ. ಅದು ಉತ್ತರವಲ್ಲ. ಎಲ್‌ಇಡಿ ಅಂದರೆ ಹಿಂದುಗಡೆಯ ದೀಪ ಅಷ್ಟೇ. ಟಿಎನ್ ಹಿಂದೆಯೂ ಎಲ್‌ಇಡಿ, ಐಪಿಎಸ್ ಹಿಂದೆಯೂ ಎಲ್‌ಇಡಿ. "ದೀಪದ ವಿಷಯ ಬಿಡಿ, ಪ್ಯಾನೆಲ್ ಯಾವುದು?" ಅಂತ ಇನ್ನೊಮ್ಮೆ ಕೇಳಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ಅವರಿಗೂ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಪೆಟ್ಟಿಗೆಯ ಮೇಲೆ ನೋಡುವ ಕೋನ ಅಂತ ಬರೆದಿರುತ್ತದೆ. ಅಲ್ಲಿ 170, 160 ಅಂತ ಎರಡು ಬೇರೆ ಬೇರೆ ಅಂಕಿ ಇದ್ದರೆ ಅದು ಟಿಎನ್. ಎರಡೂ 178 ಇದ್ದರೆ ಐಪಿಎಸ್ ಅಥವಾ ವಿಎ. ಆಮೇಲೆ ಕಾಂಟ್ರಾಸ್ಟ್ ನೋಡಿ. ಸಾವಿರಕ್ಕೆ ಒಂದರ ಆಸುಪಾಸು ಇದ್ದರೆ ಸಾಮಾನ್ಯವಾಗಿ ಐಪಿಎಸ್, ಮೂರು ಸಾವಿರಕ್ಕೆ ಒಂದರ ಆಸುಪಾಸು ಇದ್ದರೆ ಸಾಮಾನ್ಯವಾಗಿ ವಿಎ. ಇದೊಂದು ಉಪಾಯ ಗೊತ್ತಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಅಂಗಡಿಯಲ್ಲಿ ಮಾನಿಟರ್ ಆನ್ ಇದ್ದರಂತೂ ಇನ್ನೂ ಸುಲಭ. ತೆಳು ಬೂದು ಬಣ್ಣ ಇರುವ ಯಾವುದಾದರೂ ಹಾಳೆ ತೆರೆಯಲು ಹೇಳಿ. ಕೂತು ನೋಡಿ, ನಿಂತು ನೋಡಿ. ಬೂದು ಬಣ್ಣ ಮಾಯವಾದರೆ ನೀವೂ ಅಲ್ಲಿಂದ ಹೊರಡಿ.

ಪೆಟ್ಟಿಗೆಯ ಮೇಲಿನ ಬೇರೆ ದೊಡ್ಡ ದೊಡ್ಡ ಅಂಕಿಗಳನ್ನು ನಂಬಬೇಡಿ. ಡೈನಾಮಿಕ್ ಕಾಂಟ್ರಾಸ್ಟ್ ಕೋಟಿಗೆ ಒಂದು ಅಂತ ಬರೆದಿರುತ್ತಾರೆ. ಇಡೀ ಪರದೆ ಕಪ್ಪಾದಾಗ ಹಿಂದಿನ ದೀಪವನ್ನೇ ತಗ್ಗಿಸಿಬಿಟ್ಟರೆ ಅಂಥ ಅಂಕಿ ಬರುತ್ತದೆ. ನೀವು ಕಪ್ಪು ಪರದೆ ನೋಡುತ್ತಾ ಕೂರುತ್ತೀರಾ? ಇಲ್ಲವಲ್ಲ. 1.67 ಕೋಟಿ ಬಣ್ಣ ಅಂತಲೂ ಇರುತ್ತದೆ, ಅದು ಹೆಚ್ಚುಕಡಿಮೆ ಎಲ್ಲ ಮಾನಿಟರ್ ಮೇಲೂ ಇರುತ್ತದೆ. ಬಣ್ಣಕ್ಕೆ ನೋಡಬೇಕಾದ್ದು ಎಸ್‌ಆರ್‌ಜಿಬಿ ಅನ್ನುವ ಅಳತೆ, 99 ಶೇಕಡಾ ಇದ್ದರೆ ಸಾಕು. ಎಚ್‌ಡಿಆರ್ ಅಂದರೆ ತುಂಬಾ ಬೆಳಕು, ತುಂಬಾ ಕತ್ತಲೆ ಎರಡನ್ನೂ ಒಟ್ಟಿಗೆ ತೋರಿಸುವ ಚಿತ್ರ. ಅಗ್ಗದ ಮಾನಿಟರ್ ಮೇಲೆ ಆ ಹೆಸರು ಸುಮ್ನೆ ಅಲಂಕಾರ. ಎಚ್‌ಡಿಆರ್ ಚಿತ್ರವನ್ನು ಅದು ತೆಗೆದುಕೊಳ್ಳುತ್ತದೆ, ತೋರಿಸುವಷ್ಟು ಬೆಳಕು ಅದಕ್ಕೆ ಇರೋದಿಲ್ಲ. ಅದಕ್ಕಾಗಿ ಒಂದು ಕಾಸೂ ಜಾಸ್ತಿ ಕೊಡಬೇಡಿ.

ಗಾತ್ರದ ಮಾತು. 24 ಇಂಚು, 1920 ಬೈ 1080 ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಚುಕ್ಕಿ. ಕಡಿಮೆ ಬಜೆಟ್‌ಗೆ ಇದೇ ಸರಿಯಾದ ಜೋಡಿ. ಇಂಚಿಗೆ ಸುಮಾರು 92 ಪಿಕ್ಸೆಲ್ ಬೀಳುತ್ತವೆ. "ಇನ್ನು ಸ್ವಲ್ಪ ಹಾಕಿದರೆ 27 ಇಂಚೇ ಬರುತ್ತಲ್ಲ" ಅಂತ ಎಲ್ಲರಿಗೂ ಆಸೆಯಾಗುತ್ತದೆ. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿಗೆ ಎಳೆದರೆ ಇಂಚಿಗೆ 82ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ, ನಮ್ಮ ಕನ್ನಡ ತಡೆದುಕೊಳ್ಳೋದಿಲ್ಲ. 'ರಾಷ್ಟ್ರ' ಅಂತ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ. ಷ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು, ಮೂರೂ ಅಂಟಿಕೊಂಡು ಒಂದು ಮುದ್ದೆ. 27 ಇಂಚು ಬೇಕೇ ಬೇಕು ಅಂದರೆ 2560 ಬೈ 1440 ತಗೊಳ್ಳಿ. ಅದಕ್ಕೆ ದುಡ್ಡು ಸಾಲದಿದ್ದರೆ 24 ಇಂಚಿನ ಐಪಿಎಸ್‌ಗೇ ಬನ್ನಿ. ದೊಡ್ಡ ಟಿಎನ್‌ಗಿಂತ ಸಣ್ಣ ಐಪಿಎಸ್ ಯಾವತ್ತೂ ಮೇಲು.

ನನಗೆ ಕೊಟ್ಟಿರುವ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಹರ್ಟ್ಸ್: ಕೆಲಸಕ್ಕೆ 60 ಸಾಕು. 75 ಅಥವಾ 100 ಅದೇ ದುಡ್ಡಿಗೆ ಬಂದರೆ ಖುಷಿಯಾಗಿ ತಗೊಳ್ಳಿ, ಪುಟ ಉರುಳಿಸುವಾಗ ಕಣ್ಣಿಗೆ ಹಿತವಾಗಿರುತ್ತದೆ. ಆದರೆ ಮನೆಗೆ ತಂದಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ನೋಡಿ. 100 ಹರ್ಟ್ಸ್ ಮಾನಿಟರ್ ಅಲ್ಲಿ 60ರಲ್ಲೇ ನಿಂತಿರುವುದು ಮಾಮೂಲು. ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಬಳಸುತ್ತಾರೆ.

ಸ್ಟ್ಯಾಂಡ್: ಎತ್ತರ ಬದಲಾಯಿಸಲು ಬಂದರೆ ತುಂಬಾ ಒಳ್ಳೆಯದು. ಬರದಿದ್ದರೆ ಅಡಿಗೆ ಗಟ್ಟಿಯಾದದ್ದು ಏನಾದರೂ ಇಡಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಹಿಂದುಗಡೆ ನಾಲ್ಕು ಸ್ಕ್ರೂ ತೂತು ಇದೆಯಾ ನೋಡಿ. 75 ಅಥವಾ 100 ಮಿಲಿಮೀಟರ್ ಅಂತರದಲ್ಲಿ ಇರುತ್ತವೆ. ಅವು ಇದ್ದರೆ ಮುಂದೆ ಯಾವಾಗ ಬೇಕಾದರೂ ಬೇರೆ ಸ್ಟ್ಯಾಂಡ್ ಹಾಕಬಹುದು.

ಮಿನುಗು: ಕೆಲವು ಮಾನಿಟರ್‌ಗಳು ಬೆಳಕು ತಗ್ಗಿಸುವಾಗ ದೀಪವನ್ನು ಕಣ್ಣಿಗೆ ಕಾಣದಷ್ಟು ಬೇಗ ಆರಿಸಿ ಹಚ್ಚುತ್ತಿರುತ್ತವೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಬ್ರೈಟ್‌ನೆಸ್ ತುಂಬಾ ಕಡಿಮೆ ಮಾಡಿ, ಬಿಳಿ ಪರದೆಯ ಮುಂದೆ ಒಂದು ಪೆನ್ಸಿಲನ್ನು ಜೋರಾಗಿ ಆಚೆ ಈಚೆ ಆಡಿಸಿ. ಪೆನ್ಸಿಲ್ ಒಂದೇ ಮಸುಕಾಗಿ ಕಂಡರೆ ಸರಿ. ಸಾಲಾಗಿ ಬಿಡಿಬಿಡಿ ಪೆನ್ಸಿಲ್‌ಗಳು ಕಂಡರೆ ಅದು ಮಿನುಗುವ ಮಾನಿಟರ್, ಬೇಡ.

ದುಡ್ಡು ಇನ್ನೂ ಕಡಿಮೆಯಾ? ಆಫೀಸುಗಳು ಬಿಟ್ಟ ಹಳೆಯ ಮಾನಿಟರ್ ನೋಡಿ. ಐಪಿಎಸ್ ಪ್ಯಾನೆಲ್, ಎತ್ತರಿಸುವ ಸ್ಟ್ಯಾಂಡ್, ಎರಡೂ ಅದರಲ್ಲಿ ಸಿಗುವುದುಂಟು. ಪೂರ್ತಿ ಬಿಳಿ, ಪೂರ್ತಿ ಕೆಂಪು, ಪೂರ್ತಿ ಕಪ್ಪು ಚಿತ್ರ ಹಾಕಿ ನೋಡಿ. ಬಿಳಿ ಹಳದಿಗೆ ತಿರುಗಿದ್ದರೆ, ಎಲ್ಲಾದರೂ ಕಲೆ ಇದ್ದರೆ ಬಿಟ್ಟುಬಿಡಿ. ಮತ್ತೆ, ಹಳೆಯದಕ್ಕೂ ಮೊದಲು ಪ್ಯಾನೆಲ್ ಕೇಳಿ.

ಹೊಸದು ತಂದ ದಿನವೇ ಇದೇ ಪರೀಕ್ಷೆ ಮಾಡಿ. ಸತ್ತ ಪಿಕ್ಸೆಲ್, ಅಂದರೆ ಬೆಳಗದ ಚುಕ್ಕಿ, ಇದ್ದರೆ ವಾಪಸ್ ಕೊಡುವ ಗಡುವಿನೊಳಗೇ ಕಣ್ಣಿಗೆ ಬೀಳಬೇಕು. ಒಂದೆರಡು ಸತ್ತ ಪಿಕ್ಸೆಲ್‌ಗೆ ಎಷ್ಟೋ ಕಂಪನಿಗಳು ವಾರಂಟಿ ಕೊಡೋದಿಲ್ಲ, ಅಂಗಡಿಯವರು ಬದಲಾಯಿಸಿ ಕೊಡಬಹುದು. ಅಲ್ಲಿಯವರೆಗೆ ಪೆಟ್ಟಿಗೆ, ಥರ್ಮೋಕೋಲು ಎಸೆಯಬೇಡಿ. ಆಮೇಲೆ ಬ್ರೈಟ್‌ನೆಸ್ ಇಳಿಸಿ. ಕಾರ್ಖಾನೆಯಿಂದ ಬರುವಾಗ ಅದು ಕಣ್ಣು ಕುಕ್ಕುವಷ್ಟು ಇರುತ್ತದೆ. ಪರದೆಯ ಪಕ್ಕ ಒಂದು ಬಿಳಿ ಕಾಗದ ಹಿಡಿದು, ಎರಡೂ ಒಂದೇ ಥರ ಬೆಳ್ಳಗೆ ಕಾಣುವವರೆಗೆ ತಗ್ಗಿಸಿ.

ನಮಸ್ಕಾರ.