ಫಿಲೋಮಿನಾ ಚರ್ಚು: ಗೋಪುರದಾಚೆ

ಕೇಳುಗರಿಗೆ ನಮಸ್ಕಾರ.

ಮೈಸೂರಿನ ದೊಡ್ಡ ಗಡಿಯಾರದ ಕಡೆಯಿಂದ ಅಶೋಕ ರಸ್ತೆ ಹಿಡಿದು ಉತ್ತರಕ್ಕೆ ನಡೆದರೆ, ಅಂಗಡಿಗಳ ಬೋರ್ಡು, ವಿದ್ಯುತ್ ತಂತಿಗಳ ಆಚೆಗೆ ಎರಡು ಚೂಪು ಗೋಪುರಗಳು ಕಾಣಿಸುತ್ತವೆ. ಸಂತ ಜೋಸೆಫರು ಮತ್ತು ಸಂತ ಫಿಲೋಮಿನಾ ಪ್ರಧಾನಾಲಯ ಎಂಬುದು ಅದರ ಕಾಗದಪತ್ರದ ಹೆಸರು. ಊರಿನವರಿಗೆ ಅದು ಫಿಲೋಮಿನಾ ಚರ್ಚು, ಅಷ್ಟೇ. ಗೋಪುರಗಳ ಎತ್ತರ 175 ಅಡಿ. ಚಾಮುಂಡಿ ಬೆಟ್ಟದ ಮೇಲೆ ನಿಂತವರಿಗೂ ಅವು ಗುರುತು ಸಿಗುತ್ತವೆ.

ಬಂದ ಪ್ರವಾಸಿಗರಲ್ಲಿ ಬಹಳ ಮಂದಿ ಎರಡೂ ಗೋಪುರ ಮೊಬೈಲ್ ಪರದೆಯೊಳಗೆ ಹಿಡಿಸುವ ತನಕ ಹಿಂದೆ ಹಿಂದೆ ಸರಿದು, ಫೋಟೋ ತೆಗೆದುಕೊಂಡು, ಮುಂದಿನ ತಾಣಕ್ಕೆ ಹೊರಟುಬಿಡುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು. ಗೋಪುರ ಈ ಕಟ್ಟಡದ ಜಂಬ. ಅದರ ಬುದ್ಧಿ ಇರುವುದು ಒಳಗೆ.

ಜರ್ಮನಿಯ ಕಲೋನ್ ನಗರದ ಮಹಾ ಚರ್ಚಿನ ಮಾದರಿಯಲ್ಲಿ ಇದನ್ನು ಕಟ್ಟಲಾಯಿತು ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಕಲೋನ್ ಗೋಪುರಗಳ ಎತ್ತರ 157 ಮೀಟರ್. ನಮ್ಮವು ಅದರ ಮೂರನೆಯ ಒಂದು ಪಾಲು. ಅಲ್ಲಿ 1248ರಲ್ಲಿ ಶುರುವಾದ ಕೆಲಸ ಮುಗಿದದ್ದು 1880ರಲ್ಲಿ. ಇಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು 1933ರ ಅಕ್ಟೋಬರ್ 28ರಂದು. ಕೆಲವೇ ವರ್ಷಗಳಲ್ಲಿ ಕಟ್ಟಡ ಎದ್ದು ನಿಂತಿತು. ನಕ್ಷೆ ಡೇಲಿ ಎಂಬ ಫ್ರೆಂಚರದು. ಅವರ ಜೊತೆಗಿದ್ದು ಕೆಲಸ ನಡೆಸಿದವರು ಮುಂದೆ ಮೈಸೂರಿನ ಧರ್ಮಾಧ್ಯಕ್ಷರಾದ ರೆನೆ ಫ್ಯೂಗಾ.

ಈಗ ಒಳಗೆ ಹೋಗೋಣ. ಚಪ್ಪಲಿ, ಗದ್ದಲ ಎರಡನ್ನೂ ಹೊರಗೇ ಬಿಡಿ; ಇದು ಜನ ಪ್ರಾರ್ಥನೆಗೆ ಬರುವ ಜಾಗ. ಕಟ್ಟಡದ ತಳವಿನ್ಯಾಸ ಶಿಲುಬೆಯ ಆಕಾರದ್ದು. ಉದ್ದನೆಯ ಭಾಗ ಜನ ಕೂರುವ ನಡುಅಂಕಣ, ಎಡಕ್ಕೂ ಬಲಕ್ಕೂ ಚಾಚಿದವು ತೋಳುಗಳು, ಅವು ಕೂಡುವ ಕಡೆ ಬಲಿಪೀಠ ಮತ್ತು ಗಾಯಕವೃಂದದ ಜಾಗ. ಸುಮಾರು 800 ಮಂದಿ ಕೂರಬಹುದು. ಇಷ್ಟನ್ನು ಯಾವ ಫಲಕವಾದರೂ ಹೇಳುತ್ತದೆ. ನಾನು ಹೇಳಬೇಕೆಂದಿರುವುದು ಕಮಾನಿನ ಸಂಗತಿ.

ನಮ್ಮ ಸೋಮನಾಥಪುರದ ಕೇಶವ ದೇವಾಲಯವನ್ನು ಒಮ್ಮೆ ನೆನಪಿಸಿಕೊಳ್ಳಿ. ಕಲೋನ್‌ನಲ್ಲಿ ಅಡಿಪಾಯ ತೋಡಿದ ಹದಿಮೂರನೆಯ ಶತಮಾನದ್ದೇ ಅದೂ. ಅಲ್ಲಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಕಲ್ಲುಗಳನ್ನು ಸುತ್ತು ಸುತ್ತಾಗಿ ಒಳಚಾಚಿ ಕೂಡಿಸಿದ ಭುವನೇಶ್ವರಿ ಎಂಬ ಚಾವಣಿ. ಭಾರವೆಲ್ಲ ನೇರ ಕೆಳಕ್ಕೆ ಇಳಿಯುತ್ತದೆ. ಕಲ್ಲಿನ ತೊಲೆ ಹೆಚ್ಚು ಉದ್ದವಾದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆ, ಆದ್ದರಿಂದ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು. ಬೆಳಕು ಕಡಿಮೆ. ಆ ಕತ್ತಲನ್ನೇ ಹೊಯ್ಸಳರ ಶಿಲ್ಪಿಗಳು ಬಂಡವಾಳ ಮಾಡಿಕೊಂಡರು: ಮುಂದೆ ಮುಂದೆ ಹೋದಂತೆ ಮಬ್ಬು ಕವಿಯುತ್ತದೆ, ಗರ್ಭಗುಡಿಯಲ್ಲಿ ಉಳಿಯುತ್ತಿದ್ದದ್ದು ದೀಪವೊಂದೇ.

ಕಲೋನ್ ಚರ್ಚೂ ನಮ್ಮ ಈ ಚರ್ಚೂ ಸೇರುವ ಯುರೋಪಿನ ಗಾಥಿಕ್ ಕಟ್ಟಡ ಪದ್ಧತಿಯವರು ಹಿಡಿದದ್ದು ಬೇರೆ ದಾರಿ. ಕೈ ಮುಗಿದಾಗ ಬೆರಳ ತುದಿಗಳು ಮೇಲೆ ಸೇರುತ್ತವಲ್ಲ, ಅವರ ಕಮಾನು ಹಾಗೆ ಚೂಪು. ಅರ್ಧವೃತ್ತದ ಕಮಾನು ತನ್ನ ಭಾರವನ್ನು ಪಕ್ಕಕ್ಕೆ ಜೋರಾಗಿ ತಳ್ಳುತ್ತದೆ. ಅದನ್ನು ತಡೆಯಲು ದಪ್ಪ ಗೋಡೆ ಬೇಕು. ಚೂಪು ಕಮಾನಿನಲ್ಲಿ ಪಕ್ಕದ ತಳ್ಳಾಟ ತಗ್ಗುತ್ತದೆ, ಭಾರದ ಹೆಚ್ಚಿನ ಪಾಲು ಕಂಬಕ್ಕೆ ಇಳಿಯುತ್ತದೆ. ಉಳಿದ ತಳ್ಳಾಟವನ್ನು ಹೊರಗಿನಿಂದ ಒತ್ತಿ ಹಿಡಿಯಲು ಆನಿಕೆಗೋಡೆಗಳಿವೆ. ಇಷ್ಟಾದ ಮೇಲೆ ಕಂಬಕ್ಕೂ ಕಂಬಕ್ಕೂ ನಡುವಿನ ಗೋಡೆಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ಗೋಡೆಯನ್ನು ಕತ್ತರಿಸಿ ತೆಗೆದು ಗಾಜು ಕೂರಿಸಬಹುದು. ಗಾಥಿಕ್ ಎಂದರೆ ಎತ್ತರ ಎಂದು ತಿಳಿದವರು ಬಹಳ. ನನ್ನ ಲೆಕ್ಕದಲ್ಲಿ ಗಾಥಿಕ್ ಎಂದರೆ ಕಿಟಕಿ.

ಫಿಲೋಮಿನಾ ಚರ್ಚಿನ ಬಣ್ಣದ ಗಾಜುಗಳು ಫ್ರಾನ್ಸಿನಲ್ಲಿ ತಯಾರಾಗಿ ಬಂದವು. ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ, ಸ್ವರ್ಗಾರೋಹಣ ಅವುಗಳ ಮೇಲಿವೆ. ಹೊರಗೆ ನಿಂತು ನೋಡಿದರೆ ಈ ಗಾಜು ಕಪ್ಪುಕಪ್ಪಾಗಿ, ಏನೂ ಅಲ್ಲ ಎನ್ನುವಂತೆ ಕಾಣುತ್ತದೆ. ಒಳಗಿನಿಂದಲೇ ನೋಡಬೇಕು, ಅದೂ ಹಗಲು ಹೊತ್ತಿನಲ್ಲಿ. ಬಿಸಿಲು ಸರಿದಂತೆ ನೀಲಿಯೂ ಕೆಂಪೂ ಜಾಗ ಬದಲಾಯಿಸುತ್ತವೆ. ಹೊರಗೆ ನಿಂತು ಫೋಟೋ ತೆಗೆದು ಹೋದವರು ಕಳೆದುಕೊಂಡದ್ದು ಇದನ್ನೇ.

ಬಲಿಪೀಠದ ಕೆಳಗೊಂದು ನೆಲಮಾಳಿಗೆಯಿದೆ. ಕಿರಿದಾದ ಮೆಟ್ಟಿಲು ಇಳಿದರೆ ಒರಗಿ ಮಲಗಿದ ಫಿಲೋಮಿನಾಳ ಪ್ರತಿಮೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಗೋರಿಗಳಲ್ಲಿ ಸಿಕ್ಕ ಎಲುಬುಗಳು ಈಕೆಯವು ಎಂಬ ನಂಬಿಕೆಯಿಂದ ಈ ಭಕ್ತಿ ಹಬ್ಬಿತು. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬೂಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತಳ ಅವಶೇಷವೊಂದನ್ನು ಪಡೆದು ಫಾದರ್ ಕೊಶೆಯವರಿಗೆ ಒಪ್ಪಿಸಿದರು. ಅದನ್ನಿಡಲು ತಕ್ಕ ಗುಡಿ ಬೇಕೆಂದು ಕೊಶೆಯವರು ಹೋದದ್ದು ಅರಮನೆಗೆ. 1961ರಲ್ಲಿ ರೋಮ್ ತನ್ನ ಪೂಜಾ ಪಂಚಾಂಗದಿಂದ ಫಿಲೋಮಿನಾಳ ಹೆಸರನ್ನು ತೆಗೆಯಿತು. ಮೈಸೂರು ತೆಗೆಯಲಿಲ್ಲ.

ಅರಮನೆಗೂ ಚರ್ಚಿಗೂ ಇದ್ದ ನಂಟು ಅದಕ್ಕಿಂತ ಹಳೆಯದು. ಇದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿಕೊಟ್ಟ ಚರ್ಚಿತ್ತು. ಅದರ ಶಾಸನ ಲೋಕಗಳನ್ನು ಸೃಷ್ಟಿಸಿ, ಕಾಪಾಡಿ, ಆಳುವ ಏಕೈಕ ದೇವರ ಹೆಸರಿನಿಂದ ಆರಂಭವಾಗುತ್ತದೆ. ಆಮೇಲೆ ಕ್ರಿಸ್ತನು ಮನುಷ್ಯನಾಗಿ ಅವತರಿಸಿ 1843 ವರ್ಷವಾಯಿತೆಂದು ಕಾಲ ಹೇಳುತ್ತದೆ. ನಮ್ಮ ಊರುಗಳ ಕಲ್ಲುಶಾಸನಗಳನ್ನು ಓದಿದವರಿಗೆ ಈ ಒಕ್ಕಣೆಯ ಧಾಟಿ ಹೊಸದಲ್ಲ.

ಇದೆಲ್ಲ ಎರವಲು ಶೈಲಿ, ಇದರಲ್ಲಿ ಮೈಸೂರಿನದೇನಿದೆ ಎಂದು ಮೂಗು ಮುರಿಯುವವರಿದ್ದಾರೆ. ಹಾಗಾದರೆ ಹೆನ್ರಿ ಇರ್ವಿನ್ ನಕ್ಷೆ ಬರೆದು 1912ರಲ್ಲಿ ಮುಗಿದ ಅರಮನೆ? ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟ ನೋಡಿಕೊಂಡು ಕಟ್ಟಿದ ಲಲಿತ ಮಹಲ್? ಆ ಕಾಲದ ಮೈಸೂರು ಕೈಗೆ ಸಿಕ್ಕ ಒಳ್ಳೆಯದನ್ನೆಲ್ಲ ತಂದಿಟ್ಟುಕೊಳ್ಳುತ್ತಿತ್ತು, ಸಂಕೋಚವಿಲ್ಲದೆ. ನೀವೀಗ ಕೇಳುತ್ತಿರುವ ಬಾನುಲಿಯೂ ಅದೇ ಗಾಳಿಯ ಕೂಸು: ಈ ಚರ್ಚಿನ ಕೆಲಸ ನಡೆಯುತ್ತಿದ್ದ ದಿನಗಳಲ್ಲೇ, 1935ರಲ್ಲಿ, ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದರು. ಬಾನುಲಿಯನ್ನು ಯಾರೂ ಎರವಲು ಎಂದು ಜರೆಯುವುದಿಲ್ಲ.

ಸಾಧ್ಯವಾದರೆ ಸೋಮನಾಥಪುರವನ್ನೂ ಈ ಚರ್ಚನ್ನೂ ಒಂದೇ ದಿನ ನೋಡಿ. ಸೋಮನಾಥಪುರಕ್ಕೆ ಮೊದಲು ಹೋಗಿ, ಮಂಟಪದ ನಡುವೆ ನಿಂತು ಮೇಲಿನ ಭಾರ ಯಾವ ಕಂಬಕ್ಕೆ ಇಳಿಯುತ್ತಿದೆ ಎಂದು ಕಣ್ಣಲ್ಲೇ ಹಿಂಬಾಲಿಸಿ. ಮಧ್ಯಾಹ್ನದ ಮೇಲೆ ಅಶೋಕ ರಸ್ತೆಗೆ ಬಂದು, ಬಲಿಪೂಜೆ ಇಲ್ಲದ ಹೊತ್ತಿನಲ್ಲಿ ನಡುಅಂಕಣದ ಹಿಂದಿನ ಬೆಂಚಿನಲ್ಲಿ ಕುಳಿತು ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಮಕ್ಕಳು ಜೊತೆಗಿದ್ದರೆ ಅವರಿಗೇ ಬಿಡಿ, ನಮಗಿಂತ ಬೇಗ ಕಂಡುಹಿಡಿಯುತ್ತಾರೆ. ನಮಸ್ಕಾರ.