ಆ ಒಂದು ಪರ್ಸೆಂಟಿಗಾಗಿ ಇನ್ನೊಂದು ಊರಿಗೆ

ಎಲ್ಲರಿಗೂ ನಮಸ್ಕಾರ.

ಸೂರ್ಯಗ್ರಹಣ ನೋಡೋಕೆ ಅಂತ ಬೇರೆ ಊರಿಗೆ ಹೊರಟವರನ್ನು ಮನೆಯವರು ಕೇಳುವ ಪ್ರಶ್ನೆ ಒಂದೇ. "ಇಲ್ಲೇ 99 ಪರ್ಸೆಂಟ್ ಗ್ರಹಣ ಕಾಣುತ್ತಂತಲ್ಲ, ಉಳಿದ ಒಂದಕ್ಕೆ ಅಷ್ಟು ದೂರ ಯಾಕೆ?" ಕೇಳಬೇಕಾದ ಪ್ರಶ್ನೆಯೇ. ಇವತ್ತು ನಾನು ಮಾತಾಡೋದು ಆ ಒಂದು ಪರ್ಸೆಂಟಿನ ಬಗ್ಗೆಯೇ.

ಸೂರ್ಯನ ಸುತ್ತ ಒಂದು ಬೆಳ್ಳಗಿನ ಪ್ರಭೆ ಇದೆ, ಕರೋನಾ ಅಂತೀವಿ. ಸೂರ್ಯನ ಮೇಲ್ಮೈ ಬೆಳಕಿನ ಮುಂದೆ ಅದು ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಅಷ್ಟೇ. ಹಾಗಾಗಿ ಸೂರ್ಯ ಒಂದೇ ಒಂದು ಪರ್ಸೆಂಟ್ ಉಳಿದಿದ್ದರೂ ಆ ಬೆಳಕು ಕರೋನಾಕ್ಕಿಂತ ಸಾವಿರಾರು ಪಟ್ಟು ಜಾಸ್ತಿ, ಅದನ್ನು ಪೂರ್ತಿ ಮುಚ್ಚಿಹಾಕಿಬಿಡುತ್ತದೆ. ಕತ್ತಲಾಗುವುದಿಲ್ಲ. ಗ್ರಹಣ ನೋಡುವ ಕನ್ನಡಕ ತೆಗೆಯುವ ಹಾಗಿಲ್ಲ. ಅಲ್ಲಿ ಕಾಣುವುದು ತೆಳ್ಳಗಿನ ಬಾಲಚಂದ್ರನಂಥ ಸೂರ್ಯ ಮಾತ್ರ. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಖಗ್ರಾಸ, ಅಂದರೆ ಸೂರ್ಯ ಪೂರ್ತಿ ಮರೆಯಾಗುವುದು, ಬೇರೆಯದೇ ಸಂಗತಿ.

ಇನ್ನು ಖಗ್ರಾಸ ನಾವಿದ್ದಲ್ಲಿಗೇ ಬರಲಿ ಅಂತ ಕಾಯೋಣವೇ? ಚಂದ್ರನ ದಟ್ಟ ನೆರಳು ಭೂಮಿಗೆ ಮುಟ್ಟುವ ಹೊತ್ತಿಗೆ ಎಷ್ಟು ಸಣ್ಣದಾಗಿರುತ್ತದೆ ಅಂದರೆ, ಸಾಮಾನ್ಯವಾಗಿ ಅದರ ಹಾದಿಯ ಅಗಲ ನೂರು-ಇನ್ನೂರು ಕಿಲೋಮೀಟರ್ ಅಷ್ಟೇ. ಒಂದೇ ಜಾಗಕ್ಕೆ ಅದು ಮತ್ತೆ ಬರಲು ಸರಾಸರಿ 375 ವರ್ಷ ಹಿಡಿಯುತ್ತದೆ. ಅಂದಮೇಲೆ ನಾವೇ ಹೋಗಬೇಕು, ಅಲ್ವಾ?

ಹೋಗುವಾಗ ಊರು ಆರಿಸುವುದರಲ್ಲೇ ಅರ್ಧ ಕೆಲಸ ಇದೆ. 2026ರ ಆಗಸ್ಟ್ 12ರ ಗ್ರಹಣದ ನಕ್ಷೆ ನೋಡಿ. ನೆರಳಿನ ಹಾದಿ ಸ್ಪೇನ್ ಮೇಲೆ ಹಾಯುತ್ತದೆ, ಆದರೆ ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ ಕೂದಲೆಳೆಯಷ್ಟರಲ್ಲಿ ಹೊರಗೆ. ಸರಗೋಸಾ, ಬಿಲ್ಬಾವ್, ವೆಲೆನ್ಸಿಯಾ ಒಳಗೆ. ದೊಡ್ಡ ಊರು, ವಿಮಾನ ಸುಲಭ ಅಂತ ಮ್ಯಾಡ್ರಿಡ್‌ನಲ್ಲೇ ಉಳಿದರೆ ಖಗ್ರಾಸ ತಪ್ಪಿತು ಅಂತಲೇ ಲೆಕ್ಕ. ಹಾಗಂತ ಹಾದಿಯ ನಟ್ಟನಡುವೆಯೇ ನಿಲ್ಲಬೇಕು ಅಂತಲೂ ಇಲ್ಲ. ಅಂಚಿನಿಂದ ಹಾದಿಯ ಅಗಲದ ಹತ್ತನೇ ಒಂದು ಭಾಗ ಒಳಗೆ ಬಂದರೆ ಸಾಕು, ನಡುವೆ ಸಿಗುವ ಹೊತ್ತಿನ ಸುಮಾರು 60 ಪರ್ಸೆಂಟ್ ಸಿಕ್ಕಿಬಿಡುತ್ತದೆ. ನನ್ನನ್ನು ಕೇಳಿದರೆ, ಇಪ್ಪತ್ತು ಸೆಕೆಂಡ್ ಜಾಸ್ತಿ ಸಿಗುವ ಊರಿಗಿಂತ ಮೋಡ ಕಡಿಮೆ ಇರುವ ಊರು ಮೇಲು. ಜೊತೆಗೆ ಆ ಹೊತ್ತಿಗೆ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆ ಅಂತಲೂ ನೋಡಿಕೊಳ್ಳಿ. ಸ್ಪೇನಿನ ಗ್ರಹಣ ಸಂಜೆಯದ್ದು, ವೆಲೆನ್ಸಿಯಾ ಕಡೆಗೆ ಸೂರ್ಯ ಇನ್ನೇನು ಮುಳುಗುವ ಹಾಗೆ ಕೆಳಗಿರುತ್ತಾನೆ, ಪಶ್ಚಿಮಕ್ಕೆ ಒಂದು ಗುಡ್ಡವೋ ಕಟ್ಟಡವೋ ಅಡ್ಡ ಬಂದರೆ ಅಷ್ಟು ದೂರ ಹೋಗಿದ್ದೂ ದಂಡ.

ಮೋಡದ ವಿಷಯ ಬಂದಾಗ ನನಗೆ ಫ್ರಾನ್ಸಿನ ವಿಜ್ಞಾನಿ ಜಾನ್ಸೆನ್ ನೆನಪಾಗುತ್ತಾರೆ. 1868ರಲ್ಲಿ ಗುಂಟೂರಿಗೆ ಬಂದು ಗ್ರಹಣದ ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಪರೀಕ್ಷಿಸಿ ಹೆಸರು ಮಾಡಿದವರು ಇವರೇ. 1870ರ ಡಿಸೆಂಬರಿನಲ್ಲಿ ಇನ್ನೊಂದು ಗ್ರಹಣ ಬಂತು. ಆಗ ಪ್ಯಾರಿಸ್ ಸುತ್ತ ಶತ್ರು ಸೇನೆಯ ಮುತ್ತಿಗೆ. ಅವರು ಉಪಕರಣ ಕಟ್ಟಿಕೊಂಡು ಬಲೂನ್ ಹತ್ತಿ ಮುತ್ತಿಗೆಯ ಮೇಲಿಂದಲೇ ಹಾರಿ ಪಾರಾಗಿ ಅಲ್ಜೀರಿಯಾದ ಒರಾನ್ ತನಕ ಹೋದರು. ಗ್ರಹಣದ ದಿನ ಒರಾನ್‌ನಲ್ಲಿ ಮೋಡ! ಅಷ್ಟಾದರೂ ಆಮೇಲೆ ಗ್ರಹಣದ ಪ್ರಯಾಣ ಬಿಡಲಿಲ್ಲ, ಮರುವರ್ಷವೇ ಮತ್ತೆ ದಕ್ಷಿಣ ಭಾರತಕ್ಕೆ ಬಂದರು.

ಅಷ್ಟೆಲ್ಲ ಕಷ್ಟಪಟ್ಟು ಹೋಗಿ ನೋಡುವುದೇನು? ಮೊದಲ ಒಂದು ಗಂಟೆ ಹೇಳಿಕೊಳ್ಳುವಂಥದ್ದೇನಿಲ್ಲ. ಕೊನೆಯ ಹತ್ತು ನಿಮಿಷ ಬೆಳಕೇ ಬದಲಾಗುತ್ತದೆ. ಸಂಜೆಯ ಹಾಗೆ ಹಳದಿಯಾಗದೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕೈ ಚಾಚಿ ನೆರಳು ನೋಡಿ, ಕೈಮೇಲಿನ ರೋಮದ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣಬಹುದು. ಗಾಳಿ ತಣ್ಣಗಾಗುತ್ತದೆ. ಆಮೇಲೆ ಚಂದ್ರನ ಅಂಚಿನ ಕಣಿವೆಗಳ ನಡುವಿನಿಂದ ತೂರಿಬರುವ ಬೆಳಕು ಮಣಿಮಣಿಯಾಗಿ ಒಡೆಯುತ್ತದೆ, ಒಂದೊಂದೇ ಮಣಿ ಆರಿ ಕೊನೆಗೆ ಒಂದೇ ಉಳಿಯುತ್ತದೆ, ಅದೇ ವಜ್ರದುಂಗುರ, ಅದೂ ಆರಿದ ಮೇಲೆ ಕನ್ನಡಕ ತೆಗೆಯಿರಿ. ಸೂರ್ಯ ಇದ್ದ ಜಾಗದಲ್ಲಿ ಕಪ್ಪು ಬಿಲ್ಲೆ, ಸುತ್ತ ರೇಷ್ಮೆ ಎಳೆಯಂತೆ ಹರಡಿದ ಕರೋನಾ, ಅಂಚಿನಲ್ಲಿ ಅಲ್ಲಲ್ಲಿ ಗುಲಾಬಿ ಚುಕ್ಕೆ. ಒಮ್ಮೆ ಕೆಳಗೂ ನೋಡಿ, ದಿಗಂತದ ಸುತ್ತಲೂ ಮುಸ್ಸಂಜೆಯ ಕೆಂಪು. ದಯವಿಟ್ಟು ಮೊದಲ ಸಲವೇ ಕ್ಯಾಮೆರಾ ಹಿಡಿದು ಒದ್ದಾಡಬೇಡಿ, ಫೋಟೋ ತೆಗೆಯೋರು ಬೇಕಾದಷ್ಟು ಜನ ಇರ್ತಾರೆ. ಇನ್ನೊಂದು ಕಡೆಯಿಂದ ವಜ್ರದುಂಗುರ ಹೊಳೆದ ಕೂಡಲೇ ಕನ್ನಡಕ ವಾಪಸ್ ಹಾಕಿಕೊಳ್ಳಿ, ಇದನ್ನು ಮಾತ್ರ ಮರೀಬೇಡಿ.

ಮುಗಿದ ತಕ್ಷಣ ಕಾರು ಹತ್ತಲೂ ಹೋಗಬೇಡಿ. ಬರುವವರು ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಂದಿರುತ್ತಾರೆ, ಹೊರಡುವವರು ಮಾತ್ರ ಒಟ್ಟಿಗೇ ಹೊರಡುತ್ತಾರೆ. ಅಮೆರಿಕದಲ್ಲಿ 2017ರಲ್ಲೂ 2024ರಲ್ಲೂ ಜನ ಗಂಟೆಗಟ್ಟಲೆ ರಸ್ತೆಯಲ್ಲೇ ಸಿಕ್ಕಿಹಾಕಿಕೊಂಡರು. ಆ ರಾತ್ರಿಗೂ ಅಲ್ಲೇ ರೂಮು ಮಾಡಿಕೊಳ್ಳಿ.

2027ರ ಆಗಸ್ಟ್ 2ರ ಗ್ರಹಣಕ್ಕೆ ಈಜಿಪ್ಟಿನ ಲಕ್ಸರ್ ನನ್ನ ಆಯ್ಕೆ. ಖಗ್ರಾಸ 6 ನಿಮಿಷಕ್ಕೂ ಜಾಸ್ತಿ, ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಆಗಸ್ಟ್‌ನಲ್ಲಿ ಅಲ್ಲಿ ಮೋಡ ಅನ್ನುವುದೇ ಅಪರೂಪ. ಬಿಸಿಲು ಮಾತ್ರ 40 ಡಿಗ್ರಿ ದಾಟುತ್ತದೆ, ಟೋಪಿ ನೀರು ಇಲ್ಲದೆ ಆಗುವುದಿಲ್ಲ. ನೆರಳಿನ ಹಾದಿಯ ನಕ್ಷೆ ನನ್ನ ಹತ್ತಿರ ಇದೆ. ನೋಡಬೇಕು ಅನ್ನೋರು ಮುಂದೆ ಬನ್ನಿ, ಪ್ರಶ್ನೆಗಳಿದ್ದರೆ ಈಗ ಕೇಳಿ.